ನೆರಳು ಸುಮ್ಮನಾದ ಮಧ್ಯಾಹ್ನ

ಕೆಂಪಾಪುರ ದಾಟಿ ತಣಿಸಂದ್ರದ ಕಡೆಗೆ ಹೋಗುವ ಗಾಡಿದಾರಿಯಲ್ಲಿ, ಕೆರೆಯ ಕೆಳಗೆ ತೂಬಿನಪಾಳ್ಯ ಎಂಬ ಸಣ್ಣ ಊರಿತ್ತು. ಮುನಿಕೆಂಪಮ್ಮ ಅಲ್ಲಿಗೆ ಸೊಸೆಯಾಗಿ ಬಂದಾಗ ಅವಳಿಗೆ ಕಥೆ ಹೇಳುವುದಿರಲಿ, ನಾಲ್ಕು ಜನರ ಎದುರು ಬಾಯಿ ತೆರೆದೂ ಗೊತ್ತಿರಲಿಲ್ಲ. ಏನು ಕೇಳಿದರೂ ತಲೆ ಆಡಿಸುವಳು. ಈ ಹುಡುಗಿಗೆ ನಾಲಿಗೆ ಕೊಟ್ಟು ಕಳಿಸುವುದನ್ನು ಅವಳಪ್ಪ ಮರೆತಿದ್ದಾನೆ ಎಂದು ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ನಗುತ್ತಿದ್ದಳು. ಆದರೆ ಆ ಅತ್ತೆಯೇ ರಾಗಿ ಬೀಸುವಾಗ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಬೀಸುಕಲ್ಲಿನ ಗೂಟವನ್ನು ಇಬ್ಬರೂ ಹಿಡಿದು ತಿರುಗಿಸುತ್ತ, ತಣಿಯವ್ವನ ಕಥೆ ಹೇಳತೊಡಗಿದಳು. ಸೊಸೆಯ ಕೆಲಸ ಒಂದೇ, ಹೂಂ ಅನ್ನುವುದು. ಹೂಂ ತಡವಾದರೆ ಅತ್ತೆ ಕಲ್ಲನ್ನು ನಿಲ್ಲಿಸಿ ಸುಮ್ಮನೆ ಮುಖ ನೋಡುವಳು. ಹಾಗೆ ಹೂಂ ಅನ್ನುತ್ತ ಅನ್ನುತ್ತಲೇ ಕಥೆ ಪೂರ್ತಿ ಅವಳೊಳಗೆ ಇಳಿದುಬಿಟ್ಟಿತು. ಯಾರೂ ಕಲಿಸಿದಂತೆ ಕಾಣಲಿಲ್ಲ, ಅವಳಿಗೂ ಕಲಿತಂತೆ ಅನ್ನಿಸಲಿಲ್ಲ.

ಊರಿನವರು ಆ ಮನೆಯನ್ನು ಕಥೆಮನೆ ಎನ್ನುತ್ತಿದ್ದರು. ವರ್ಷಕ್ಕೊಂದು ಸಲ, ಬೇಸಿಗೆ ಭತ್ತಕ್ಕೆ ಕೆರೆಯ ತೂಬು ಎತ್ತುವ ದಿನ, ಆ ಮನೆಯ ಹೆಂಗಸು ತಣಿಯವ್ವನ ಕಥೆ ಹೇಳಬೇಕು. ಕೆರೆಯ ನೀರನ್ನು ಗದ್ದೆಗದ್ದೆಗೆ ಹಂಚುವ ನೀರಗಂಟಿ ಚಿಕ್ಕಮಾರಯ್ಯ ಕಥೆ ಮುಗಿದ ಮೇಲೆಯೇ ತೂಬಿನ ಹತ್ತಿರ ಹೋಗುವುದು. ಕಥೆ ಹೇಳಿದ್ದಕ್ಕಾಗಿ ಮೊದಲ ನೀರು ಕಥೆಮನೆಯ ಗದ್ದೆಗೆ. ಕೆರೆ ತುಂಬಿದ ವರ್ಷ ಅದೇನು ದೊಡ್ಡ ಮಾತಲ್ಲ. ಕೆರೆ ಅರ್ಧವಾದ ವರ್ಷ ಮೊದಲ ನೀರು ಸಿಕ್ಕವರಿಗೆ ಊಟ, ಕೊನೆಯ ನೀರಿನವರಿಗೆ ಒಣಹುಲ್ಲು.

ಅದು ಕತ್ತಲೆ ಹುಟ್ಟಿದ ಕಥೆ. ಆದ್ದರಿಂದ ಕತ್ತಲಲ್ಲಿ ಹೇಳುವಂತಿಲ್ಲ. ನಡುಮಧ್ಯಾಹ್ನ, ನೆರಳು ಕಾಲಡಿಗೆ ಸೇರಿದ ಹೊತ್ತಿನಲ್ಲಿ, ಸಾರಿಸಿದ ಅಂಗಳದಲ್ಲಿ ಹೇಳಬೇಕು. ಹೆಂಗಸರು ಮಕ್ಕಳು ಒಳಗೆ, ಗಂಡಸರು ಮೋಟುಗೋಡೆಯ ಆಚೆ. ಹೇಳುವವಳ ಕಾಲ ಬಳಿ ತಗ್ಗಾದ ಒಂದು ಮಣೆ. ಅದರ ಮೇಲೆ ಹೂಂ ಅನ್ನುವವಳು ಕೂರುತ್ತಾಳೆ. ಅದಕ್ಕೆ ನೆರಳಿನ ಮಣೆ ಎಂದು ಹೆಸರು. ಅಲ್ಲಿ ಕೂತವಳು ಹೂಂ ಅನ್ನದೆ ಹೋದರೆ ಕಥೆ ನಿಂತಂತೆ. ನಿಂತ ಕಥೆಯನ್ನು ಆ ಬಾಯಿ ಮತ್ತೆ ಹೇಳುವಂತಿಲ್ಲ, ಆ ಮನೆಗೆ ಮೊದಲ ನೀರೂ ಇಲ್ಲ. ಹಾಗೆ ನಿಂತದ್ದನ್ನು ಕಂಡವರು ಮಾತ್ರ ಊರಿನಲ್ಲಿ ಯಾರೂ ಇರಲಿಲ್ಲ.

ಅತ್ತೆಯ ಮುಂದಿನ ಹಲ್ಲು ಬಿದ್ದ ವರ್ಷ ಕಥೆ ಮುನಿಕೆಂಪಮ್ಮನಿಗೆ ಬಂತು. ಹಲ್ಲಿಲ್ಲದ ಬಾಯಲ್ಲಿ ತಣಿಯವ್ವನ ಹೆಸರು ನಿಲ್ಲುವುದಿಲ್ಲ ಎಂದು ಅತ್ತೆ ತಾನೇ ಎದ್ದು ಜಾಗ ಬಿಟ್ಟಳು. ನೆರಳಿನ ಮಣೆಗೆ ಯಾರನ್ನು ಕರೆಯುತ್ತೀಯೆ ಎಂದು ಕೇಳಿದ್ದಕ್ಕೆ ಮುನಿಕೆಂಪಮ್ಮ ಯೋಚಿಸಲೇ ಇಲ್ಲ. ಪಕ್ಕದ ಮನೆಯ ಗಂಗರತ್ನಮ್ಮ ಎಂದಳು.

ಗಂಗರತ್ನಮ್ಮ ಮತ್ತಿಕೆರೆಯ ಹುಡುಗಿ. ಇಬ್ಬರೂ ಒಂದೇ ವರ್ಷ ಆ ಊರಿಗೆ ಬಂದವರು. ಮುನಿಕೆಂಪಮ್ಮ ಎಷ್ಟು ಸುಮ್ಮನೋ ಅವಳು ಅಷ್ಟು ಮಾತು. ಸೊಪ್ಪಿನ ಮಂಕರಿ ಹೊತ್ತು ಯಶವಂತಪುರದ ಸಂತೆಗೆ ಜೊತೆಯಾಗಿ ಹೋದರೆ ತನ್ನ ಸೊಪ್ಪಿನ ಜೊತೆ ಇವಳ ಸೊಪ್ಪನ್ನೂ ಕೂಗಿ ಮಾರುವವಳು ಅವಳೇ. ಮುನಿಕೆಂಪಮ್ಮನ ಕೂಸು ಹುಟ್ಟಿದ ವಾರದಲ್ಲೇ ತೀರಿಕೊಂಡಾಗ ಅವಳು ಎದೆಹಾಲು ಕಟ್ಟಿ ನೋವು ತಿನ್ನುತ್ತಿದ್ದಳು. ಗಂಗರತ್ನಮ್ಮನೂ ಆಗ ಬಾಣಂತಿ, ಜ್ವರ ಬಂದು ಹಾಲು ಇಂಗಿಹೋಗಿತ್ತು. ತನ್ನ ಮಗನನ್ನು ತಂದು ಇವಳ ಮಡಿಲಲ್ಲಿ ಮಲಗಿಸಿ, ಇಬ್ಬರೂ ಹಂಚಿಕೊಳ್ಳೋಣ ಕಣಕ್ಕ ಎಂದಳು. ಆ ಹುಡುಗ ಹಾಗೆಯೇ ಬೆಳೆದ. ಮುನಿಕೆಂಪಮ್ಮನಿಗೆ ಮತ್ತೆ ಮಕ್ಕಳಾಗಲಿಲ್ಲ.

ಇನ್ನು ಗಂಗರತ್ನಮ್ಮನ ಹೂಂ. ಅದನ್ನು ಕೇಳುವುದಕ್ಕೆಂದೇ ಕೆಲವರು ಬರುತ್ತಿದ್ದರು ಎಂದರೆ ಸುಳ್ಳಲ್ಲ. ಕಥೆ ನಿಧಾನವಾದಾಗ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳುವ ಹೂಂ ಒಂದು. ಮಕ್ಕಳಿಗೆ ಭಯವಾಗುವ ಜಾಗದಲ್ಲಿ ನಾನಿದ್ದೇನೆ ಅನ್ನುವ ಹೂಂ ಒಂದು. ಹೇಳುವವಳ ಗಂಟಲು ಕಟ್ಟಿದರೆ ಉದ್ದಕ್ಕೆ ಎಳೆದು, ಇವಳು ಎಂಜಲು ನುಂಗಿ ಸುಧಾರಿಸಿಕೊಳ್ಳುವವರೆಗೂ ಬಿಡದ ಹೂಂ ಇನ್ನೊಂದು. ಹೆಬ್ಬಾಳದಿಂದ ಬಳೆ ಮಲಾರ ಹೊತ್ತು ಬರುತ್ತಿದ್ದ ಕುಬ್ರಾ ಪ್ರತಿ ವರ್ಷ ಆ ದಿನ ತಪ್ಪದೆ ಬಂದು ಬಾಗಿಲ ಬಳಿ ಕೂರುತ್ತಿದ್ದಳು. ಅವಳೇ ಒಮ್ಮೆ, ಕಥೆ ಹೇಳುವವಳು ಒಬ್ಬಳಲ್ಲ, ಇಬ್ಬರು ಎಂದು ಹೇಳಿದಳು. ಮುನಿಕೆಂಪಮ್ಮ ನಕ್ಕಳು. ಗಂಗರತ್ನಮ್ಮ ನಗಲಿಲ್ಲ. ಅದು ಮುನಿಕೆಂಪಮ್ಮನ ಗಮನಕ್ಕೆ ಬರಲಿಲ್ಲ.

ಕಥೆ ಇದು.

ಆಗ ರಾತ್ರಿ ಎಂಬುದಿರಲಿಲ್ಲ. ಆಕಾಶಕ್ಕೆ ಇಬ್ಬರು, ಅಣ್ಣ ಉರಿಯಣ್ಣ, ತಂಗಿ ತಣಿಯವ್ವ. ಅಣ್ಣ ಒಂದು ಕಡೆ ಇಳಿದರೆ ತಂಗಿ ಇನ್ನೊಂದು ಕಡೆ ಏರುವಳು. ಅಣ್ಣನ ಬೆಳಕಲ್ಲಿ ಜನ ದುಡಿಯುತ್ತಿದ್ದರು. ತಂಗಿಯ ಬೆಳಕು ಒದ್ದೆಬಟ್ಟೆಯ ಹಾಗೆ ತಂಪು. ಅದರಲ್ಲಿ ತೆನೆಗೆ ಹಾಲು ಕೂಡುವುದು, ಜ್ವರ ಇಳಿಯುವುದು, ದನಕರು ಬಾಯಿ ಬಿಟ್ಟು ಮಾತಾಡುವುದು. ಆಗ ಲೋಕಕ್ಕೆಲ್ಲ ನೆರಳೂ ಒಂದೇ. ಅವಳ ಹೆಸರು ನೆರಳವ್ವ. ತಣಿಯವ್ವನ ಕಾಲಡಿಯ ಗೆಳತಿ. ಇವಳು ನಡೆದರೆ ಅವಳು ನಡೆದಳು, ಇವಳು ಉಂಡರೆ ಅವಳು ಉಂಡಳು.

ತಣಿಯವ್ವನಿಗೆ ದಿನ ತುಂಬಿತು. ನೋವು ತಿನ್ನುವವಳು ಆಕಾಶದಲ್ಲಿ ನಡೆಯುವುದು ಹೇಗೆ? ತನ್ನ ಬೆಳಕನ್ನು ಬಿಚ್ಚಿ, ಬುತ್ತಿ ಕಟ್ಟುವ ಹಾಗೆ ಮುತ್ತುಗದ ಎಲೆಯಲ್ಲಿ ಕಟ್ಟಿ, ಅಣ್ಣನ ಕೈಗೆ ಕೊಟ್ಟಳು. ಹೆತ್ತು ಬರುವವರೆಗೆ ಇಟ್ಟುಕೊಂಡಿರು ಎಂದಳು. ಕೊಟ್ಟದ್ದನ್ನು ದನಗಳು ಕಂಡವು, ಹಕ್ಕಿಗಳು ಕಂಡವು, ಕಾಲ ಬಳಿಯಿದ್ದ ನೆರಳವ್ವ ಎಲ್ಲರಿಗಿಂತ ಹತ್ತಿರದಿಂದ ಕಂಡಳು. ಅವಳನ್ನು ಅಣ್ಣನ ಹತ್ತಿರವೇ ಸಾಕ್ಷಿಗೆ ಬಿಟ್ಟು ತಣಿಯವ್ವ ಭೂಮಿಗೆ ಇಳಿದಳು.

ಅವಳು ಅತ್ತ ಹೋದದ್ದೇ ಉರಿಯಣ್ಣ ನೆರಳವ್ವನನ್ನು ಕರೆದ. ಇನ್ನು ಎಷ್ಟು ಕಾಲ ಇನ್ನೊಬ್ಬಳ ಕಾಲಡಿಯಲ್ಲಿ ಬದುಕುತ್ತೀಯೆ? ನೀನು ಸುಳ್ಳು ಹೇಳಬೇಕಾಗಿಲ್ಲ. ಕೇಳಿದಾಗ ಒಂದು ಗಳಿಗೆ ಸುಮ್ಮನಿರು ಸಾಕು. ನಿನ್ನನ್ನು ಲೋಕದಷ್ಟು ಅಗಲ ಮಾಡುತ್ತೇನೆ ಎಂದ.

ತಣಿಯವ್ವ ಕೂಸನ್ನು ಎತ್ತಿಕೊಂಡು ಬಂದಳು. ಬೆಳಕು ಕೊಡಣ್ಣ ಎಂದಳು. ಯಾವ ಬೆಳಕು, ನಾನು ಹುಟ್ಟಿದಾಗಿನಿಂದ ಒಬ್ಬನೇ, ನೀನ್ಯಾರು ಎಂದ. ದನಗಳ ಕಡೆ ತಿರುಗಿದಳು, ದನಗಳು ಹುಲ್ಲಿಗೆ ಬಾಯಿ ಹಾಕಿದವು. ಹಕ್ಕಿಗಳ ಕಡೆ ನೋಡಿದಳು, ಹಕ್ಕಿಗಳು ಎದ್ದು ಹಾರಿದವು. ಕೊನೆಗೆ ಗೆಳತಿಯನ್ನು ಕೇಳಿದಳು. ಒಂದೇ ಸಲ ಕೇಳಿದಳು. ನೆರಳವ್ವ ಸುಳ್ಳು ಹೇಳಲಿಲ್ಲ. ಸುಮ್ಮನಿದ್ದಳು.

ಆ ಸುಮ್ಮನಿರುವುದರೊಳಗೆ ಉರಿಯಣ್ಣ ಗುಡ್ಡದಾಚೆ ಇಳಿದುಬಿಟ್ಟ. ಏರಿ ಬರಲು ಇನ್ನೊಂದು ಬೆಳಕಿಲ್ಲ. ನೆರಳವ್ವ ಕಾಲಡಿಯಿಂದ ಎದ್ದಳು. ಮೊಣಕಾಲಿಗೆ ಬಂದಳು, ಸೊಂಟಕ್ಕೆ ಬಂದಳು, ಮರ ಮುಳುಗಿಸಿದಳು, ಆಕಾಶ ಮುಳುಗಿಸಿದಳು. ಅದು ಮೊದಲ ಕತ್ತಲೆ. ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ. ತಮ್ಮ ಕಣ್ಣು ಹೋಯಿತೆಂದು ಜನ ಅತ್ತರು. ತಾಯಂದಿರು ತಡವಿ ತಡವಿ ಯಾರದೋ ಮಕ್ಕಳನ್ನು ಎತ್ತಿಕೊಂಡರು. ತೆನೆಯ ಹಾಲು ಒಡೆಯಿತು. ಕಂಡದ್ದನ್ನು ಈಗಲಾದರೂ ಹೇಳೋಣವೆಂದು ದನಗಳು ಬಾಯಿ ತೆರೆದರೆ ಅಂಬಾ ಎಂಬುದೊಂದೇ ಬಂತು. ತಣಿಯವ್ವ ಕೆರೆಯ ನೀರೊಳಗೆ ಹೋಗಿ ಕೂತಳು. ಅವಳ ಕೂಸಿನ ಹಣೆಯಲ್ಲಿ ಮಾತ್ರ ಚೂರು ಬೆಳಕಿತ್ತು. ಅಣ್ಣ ಇದನ್ನೂ ಕಸಿದಾನು ಎಂಬ ಅಂಜಿಕೆಗೆ ಸೆರಗು ಮುಚ್ಚಿ ಎತ್ತಿ ತೋರಿಸುತ್ತಾಳೆ. ಒಂದು ದಿನ ಅರ್ಧ, ಒಂದು ದಿನ ಪೂರ್ತಿ, ಒಂದು ದಿನ ತೋರಿಸುವುದೇ ಇಲ್ಲ. ನಾವು ಅದನ್ನು ಚಂದ್ರ ಅನ್ನುತ್ತೇವೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಹೇಳುವವಳು ಎದ್ದು ನಿಂತು, ತಣಿಯವ್ವನ ಪರವಾಗಿ, ನೆರಳಿನ ಮಣೆಯ ಮೇಲೆ ಕೂತವಳನ್ನು ಕೇಳಬೇಕು: ನಾನು ಕೊಟ್ಟದ್ದನ್ನು ನೀನು ಕಂಡೆಯಾ? ಕೂತವಳು, ಹೂಂ, ಕಂಡೆ, ಅನ್ನಬೇಕು. ನೆರಳು ಆಡದ ಮಾತನ್ನು ವರ್ಷಕ್ಕೊಮ್ಮೆ ಮನುಷ್ಯರಲ್ಲೊಬ್ಬಳು ಆಡುವುದರಿಂದಲೇ ಬೆಳಗ್ಗೆ ಮತ್ತೆ ಬೆಳಕಾಗುತ್ತದೆ ಎಂದು ಊರಿನ ನಂಬಿಕೆ. ತಣಿಯವ್ವ ಒಮ್ಮೆಯೇ ಕೇಳಿದ್ದು, ಆದ್ದರಿಂದ ಹೇಳುವವಳೂ ಒಮ್ಮೆಯೇ ಕೇಳಬೇಕು.

ಗಂಗರತ್ನಮ್ಮನ ಗಂಡ ನರಸಿಂಹಯ್ಯ ಐವತ್ತೇಳನೇ ಇಸವಿಯ ಚುನಾವಣೆಯಲ್ಲಿ ಅವರಿವರ ಹಿಂದೆ ಓಡಾಡಿದ. ಆಮೇಲೆ ಬಿಳಿ ಅಂಗಿ ಬಿಟ್ಟು ಬೇರೆ ಹಾಕಿದವನಲ್ಲ. ಯಲಹಂಕದ ಕಡೆ ಯಾರದೋ ದ್ರಾಕ್ಷಿ ತೋಟ ನೋಡಿಕೊಂಡು ಬಂದು, ತನ್ನ ಗದ್ದೆಯಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆದು ದ್ರಾಕ್ಷಿ ಬಳ್ಳಿ ಹಬ್ಬಿಸಿದ. ಅವನ ಗದ್ದೆ ಕಾಲುವೆಯ ಕೊನೆಗೆ. ಬಳ್ಳಿ ಚಪ್ಪರಕ್ಕೇರಿ ಮೊದಲ ಗೊನೆ ಬಿಡುವ ಹೊತ್ತಿಗೆ ಎರಡು ವರ್ಷ ಮಳೆ ಸರಿಯಾಗಲಿಲ್ಲ, ಕೆರೆಯಲ್ಲಿ ನೀರು ಅರ್ಧಕ್ಕೆ ಬಂತು. ಕಥೆ ಹೇಳಿದವರಿಗೆ ಮೊದಲ ನೀರು ಅನ್ನುವುದು ಯಾವ ಕಾಲದ ಕಾನೂನು ಎಂದು ಅವನು ಅರಳಿಕಟ್ಟೆಯ ಮೇಲೆ ಕೂತು ಕೇಳತೊಡಗಿದ. ಊರಿನವರು ಒಪ್ಪಲಿಲ್ಲ. ಕಥೆ ನಿಲ್ಲುವತನಕ ನೀರು ಅವರದೇ ಎಂದರು. ನರಸಿಂಹಯ್ಯ ಆಮೇಲೆ ಆ ಮಾತನ್ನೇ ಬಿಟ್ಟ. ಬಿಟ್ಟದ್ದು ಯಾಕೆಂದು ಯಾರೂ ಯೋಚಿಸಲಿಲ್ಲ.

ಯೋಚಿಸಿದವನು ನೀರಗಂಟಿ ಚಿಕ್ಕಮಾರಯ್ಯ ಒಬ್ಬನೇ. ನೀರು ಹಂಚುವವನಿಗೆ ಊರಿನ ಎಲ್ಲರ ಹೊಟ್ಟೆಯೊಳಗಿನದೂ ಅಷ್ಟಿಷ್ಟು ಗೊತ್ತಿರುತ್ತದೆ. ತೂಬು ಎತ್ತುವ ದಿನ ಬೆಳಗ್ಗೆ ಬಂದು ಜಗುಲಿಯ ತುದಿಯಲ್ಲಿ ಕೂತು ಎಲೆ ಹಾಕಿಕೊಂಡ. ಎದ್ದು ಹೋಗಲಿಲ್ಲ.

"ಅಕ್ಕಾ, ಈ ಸಲ ಮಣೆ ಮ್ಯಾಲೆ ಬ್ಯಾರೆ ಯಾರ್ನಾದ್ರೂ ಕುಂಡ್ರಿಸ್ಕೊ" ಎಂದ.

"ಯಾಕಣ್ಣ?"

"ಸುಮ್ಕೆ ಏಳ್ದೆ. ಎಲೆ ಅಡಿಕೆ ಕೊಟ್ಟು ಬದಲಾಯಿಸ್ಬೋದು ಅಲ್ವಾ, ಕಥೆ ಸುರು ಆಗೋಗಂಟ?"

ಬದಲಾಯಿಸಬಹುದಿತ್ತು. ಅದಕ್ಕೂ ಪದ್ಧತಿಯಿತ್ತು. ಕುಳಿತವಳಿಗೆ ಎಲೆ ಅಡಿಕೆ ಕೊಟ್ಟು ಎಬ್ಬಿಸಿದರೆ ಆಯಿತು, ಕಾರಣ ಹೇಳಬೇಕಿಲ್ಲ. ಮುನಿಕೆಂಪಮ್ಮ ಮೊರದಲ್ಲಿದ್ದ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ತಲೆಯೆತ್ತಿದಳು.

"ಗಂಗಿನ ಎಬ್ಬಿಸ್ಲಾ? ನನ್ನ ಬಾಯಿನ ಎಬ್ಬಿಸು ಅಂದಂಗಾಯ್ತು" ಎಂದು ನಕ್ಕಳು.

ಚಿಕ್ಕಮಾರಯ್ಯ ಟವೆಲ್ಲು ಕೊಡವಿಕೊಂಡು ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಗಂಗರತ್ನಮ್ಮ ಎಂದಿನಂತೆ ಹಿತ್ತಲ ಬಾಗಿಲಿಂದ ಬಂದಳು. ಅಂಗಳ ಸಾರಿಸಿದಳು. ಮುನಿಕೆಂಪಮ್ಮನನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ತಲೆ ಬಾಚಿದಳು, ತನ್ನ ಮನೆಯಿಂದ ತಂದ ಕನಕಾಂಬರ ಮುಡಿಸಿದಳು. ಅಕ್ಕನಿಗೆ ಅಲ್ಲೊಂದು ಇಲ್ಲೊಂದು ಬೆಳ್ಳಿ ಕೂದಲು ಬಂದಿದೆ ಎಂದು ತಮಾಷೆಯನ್ನೂ ಮಾಡಿದಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಮುದ್ದೆ ಉಂಡರು. ಆಮೇಲೆ ಎಷ್ಟೋ ಕಾಲ ಮುನಿಕೆಂಪಮ್ಮ ಆ ಬೆಳಗ್ಗೆಯನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಹೆರಳು ಹಾಕುವ ಬೆರಳು ಎಲ್ಲಾದರೂ ನಡುಗಿತೇ, ತುತ್ತು ಎಲ್ಲಾದರೂ ಗಂಟಲಲ್ಲಿ ನಿಂತಿತೇ ಎಂದು ಹುಡುಕಿದಳು. ಏನೂ ಸಿಗಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿದ್ದು.

ಮಧ್ಯಾಹ್ನ ಅಂಗಳ ತುಂಬಿತು. ಗೋಡೆಯಾಚೆ ಗಂಡಸರು ನಿಂತರು. ಮುನಿಕೆಂಪಮ್ಮನ ಗಂಡ ಲಕ್ಕಣ್ಣ ಗುದ್ದಲಿ ಹೆಗಲ ಮೇಲಿಟ್ಟು ನಿಂತಿದ್ದ, ಕಥೆ ಮುಗಿದ ಕೂಡಲೇ ಗದ್ದೆಗೆ ನೀರು ಬಿಡುವ ಮಡೆ ತೆರೆಯಬೇಕಲ್ಲ. ಕಥೆ ಶುರುವಾಯಿತು. ಗಂಗರತ್ನಮ್ಮನ ಹೂಂ ಅವತ್ತು ಎಂದಿಗಿಂತ ಚೆನ್ನಾಗಿಯೇ ಇತ್ತು. ಉರಿಯಣ್ಣ ನೆರಳವ್ವನನ್ನು ಕರೆದು ಹೇಳುವ ಜಾಗದಲ್ಲಿ ಮಾತ್ರ ಕೊಂಚ ಬೇಗ ಬಂತು, ಅದನ್ನು ದಾಟಿಬಿಡೋಣ ಎಂಬ ಹಾಗೆ. ಮೊದಲ ಕತ್ತಲೆ ಬಂತು. ಮಕ್ಕಳು ತಾಯಂದಿರ ಸೆರಗು ಹಿಡಿದರು. ಕೆರೆ, ಕೂಸು, ಚಂದ್ರ ಎಲ್ಲ ಆಯಿತು. ಮುನಿಕೆಂಪಮ್ಮ ಎದ್ದು ನಿಂತಳು.

"ನಾನು ಕೊಟ್ಟದ್ದನ್ನ ನೀನು ಕಂಡೆಯಾ?"

ಗಂಗರತ್ನಮ್ಮ ತಲೆ ಎತ್ತಲಿಲ್ಲ. ಕಾಲುಂಗುರವನ್ನು ಹೆಬ್ಬೆರಳಿಂದ ತಿರುಗಿಸುತ್ತ ಕೂತಳು. ಒಂದು ಉಸಿರು ಹೋಯಿತು. ಕೆಮ್ಮು ಬಂದಿರಬೇಕು ಎಂದುಕೊಂಡಳು ಮುನಿಕೆಂಪಮ್ಮ. ಇನ್ನೊಂದು ಉಸಿರು ಹೋಯಿತು. ಮರೆತಿರಬೇಕು ಎಂದುಕೊಂಡಳು. ಅಷ್ಟು ವರ್ಷ ಆಡಿದ ಮಾತನ್ನು ಮರೆಯುವುದು ಹೇಗೆ ಎಂದು ಆ ಕ್ಷಣ ತೋಚಲಿಲ್ಲ. ಗೋಡೆಯಾಚೆ ಯಾರೋ ಗುದ್ದಲಿ ನೆಲಕ್ಕೂರಿದ ಸದ್ದಾಯಿತು. ಅತ್ತ ಕಣ್ಣು ಹಾಯಿಸಿದರೆ ನರಸಿಂಹಯ್ಯ. ಯಾವತ್ತೂ ಆಳಿನ ಕೈಲಿ ನೀರು ಕಟ್ಟಿಸುವವನು ಅವತ್ತು ತಾನೇ ಬಿಳಿ ಅಂಗಿಯ ತೋಳು ಮಡಿಸಿ, ಹೊಸ ಗುದ್ದಲಿ ಹಿಡಿದು ನಿಂತಿದ್ದ. ಆಗ ಮುನಿಕೆಂಪಮ್ಮನಿಗೆ ಎಲ್ಲ ತಿಳಿಯಿತು.

ಬಾಗಿಲ ಬಳಿಯಿಂದ ಕುಬ್ರಾ ಮೆಲ್ಲಗೆ ಹೇಳಿದಳು, "ಅಂದ್ಳು ಅಕ್ಕಾ. ಮೆತ್ತಗೆ ಅಂದ್ಳು. ನಾನು ಕೇಳ್ದೆ."

ಹಿಂದೆ ಕೂತವರು ಅದನ್ನೇ ಹಿಡಿದುಕೊಂಡರು. ಹೌದು, ಅಂದಳು, ಗಾಳಿಗೆ ಕೇಳಿಸಲಿಲ್ಲ ಅಷ್ಟೆ, ಮುಗಿಸು ಎಂದರು. ಲಕ್ಕಣ್ಣ ಗೋಡೆಯ ಮೇಲಿಂದ ಕೈಬೀಸಿ ಮುಂದುವರಿಸು ಎಂದು ಸನ್ನೆ ಮಾಡಿದ. ಮುಂದುವರಿಸುವುದು ಕಷ್ಟವಿರಲಿಲ್ಲ. ಕೊನೆಯ ಎರಡು ಮಾತು ಹೇಳಿ ಹೆಂಗಸರಿಂದ ಸೋಬಾನೆ ಹಾಡಿಸಿದ್ದರೆ ನೀರು ಅವಳ ಗದ್ದೆಗೇ ಬರುತ್ತಿತ್ತು, ಕಥೆ ಅವಳ ಬಾಯಲ್ಲೇ ಉಳಿಯುತ್ತಿತ್ತು. ಗಂಗರತ್ನಮ್ಮ ಎದ್ದು ನಾನು ಅನ್ನಲಿಲ್ಲ ಎಂದು ಹೇಳುವಷ್ಟು ಗಟ್ಟಿಗಿತ್ತಿಯಲ್ಲ, ಅದು ಮುನಿಕೆಂಪಮ್ಮನಿಗೆ ಗೊತ್ತಿತ್ತು. ಆದರೆ ಆದದ್ದನ್ನು ಆಗಲಿಲ್ಲ ಎಂದು ಹೇಳಿ ಬೆಳಕು ಇಟ್ಟುಕೊಂಡವನ ಕಥೆಯನ್ನೇ ಅಲ್ಲವೇ ಈಗತಾನೆ ಅವಳು ಹೇಳಿದ್ದು. ಅದೇ ಬಾಯಲ್ಲಿ ಆಗದ್ದನ್ನು ಆಯಿತು ಎಂಬ ಮಾತು ಹೇಗೆ ಬರಬೇಕು?

"ನಂಗೆ ಕೇಳಿಸ್ಲಿಲ್ಲ" ಎಂದಳು. "ಕಥೆ ನಿಂತೋಯ್ತು."

ತಲೆಯಲ್ಲಿದ್ದ ಕನಕಾಂಬರ ತೆಗೆದು ನೆರಳಿನ ಮಣೆಯ ಪಕ್ಕಕ್ಕೆ ಇಟ್ಟು ಒಳಗೆ ಹೋದಳು.

ಆ ವರ್ಷ ಮೊದಲ ನೀರು ನರಸಿಂಹಯ್ಯನ ದ್ರಾಕ್ಷಿಗೆ ಹೋಯಿತು. ಕಥೆ ನಿಂತ ಮೇಲೆ ಹಳೆಯ ಸರದಿಯೂ ನಿಂತಂತೆ, ಇನ್ನು ಯಾರ ಬೆಳೆಗೆ ಅವಸರವೋ ಅವರಿಗೆ ಮೊದಲು ಎಂದು ಅವನು ನಾಲ್ಕು ಜನರನ್ನು ಮೊದಲೇ ಒಪ್ಪಿಸಿಟ್ಟಿದ್ದ. ಕಥೆಮನೆಯ ಭತ್ತದ ಗದ್ದೆ ಕಾಲುವೆಯ ಅರ್ಧದಾರಿಯಲ್ಲೇ ಇದ್ದರೂ ಅದರ ಸರದಿ ಬರುವಾಗ ಕೆರೆ ಕೆಸರಾಗಿತ್ತು. ಲಕ್ಕಣ್ಣ ಬೈಯಲಿಲ್ಲ. ಒಂದು ಸಂಜೆ ಊಟದ ಮುಂದೆ ಕೂತು, ಕೇಳಿಸಿತು ಅಂದಿದ್ದರೆ ನಿನ್ನ ಗಂಟು ಏನು ಹೋಗುತ್ತಿತ್ತು ಎಂದು ಒಮ್ಮೆ ಕೇಳಿದ. ಅವಳು ಅವನ ತಟ್ಟೆಗೆ ಸಾರು ಬಡಿಸಿದಳು. ಅವನು ಮತ್ತೆ ಕೇಳಲಿಲ್ಲ. ಆದರೆ ಆ ಮಾತು ಆ ಮನೆಯಲ್ಲಿ ಬಹಳ ದಿನ ಉಳಿದುಕೊಂಡಿತು.

ಗಂಗರತ್ನಮ್ಮ ಕೆಲವು ವಾರ ಹಿತ್ತಲ ಕಡೆ ತಲೆ ಹಾಕಲಿಲ್ಲ. ಒಂದು ದಿನ ಬಾವಿಯ ಹತ್ತಿರ ಬೇರೆ ಯಾರೂ ಇಲ್ಲದಾಗ ಬಂದು ನಿಂತಳು. ಮುನಿಕೆಂಪಮ್ಮ ಹಗ್ಗ ಎಳೆಯುತ್ತಿದ್ದಳು. ಗಂಡ ಹಟ ಹಿಡಿದ, ಬಳ್ಳಿ ಒಣಗಿದರೆ ಮಗನನ್ನೂ ನಿನ್ನನ್ನೂ ಮತ್ತಿಕೆರೆಗೆ ಕಳಿಸುತ್ತೇನೆ ಎಂದ, ನಾನೇನು ಮಾಡಲಿ ಎಂದು ಗಂಗರತ್ನಮ್ಮ ಶುರು ಮಾಡಿದಳು. ಸುಳ್ಳಂತೂ ಹೇಳಲಿಲ್ಲ, ಸುಮ್ಮನಿದ್ದೆ ಎಂದಳು. ಹಾಗೆ ಅಂದ ಮೇಲೆ ತಾನು ಯಾರ ಮಾತು ಆಡಿದೆ ಎಂದು ಅವಳಿಗೇ ತಿಳಿದಿರಬೇಕು, ಮುಖ ಕೆಂಪಾಯಿತು. ಮುನಿಕೆಂಪಮ್ಮ ಕೊಡಕ್ಕೆ ನೀರು ಸುರಿದು, ಮೊದಲ ಸಲ ಅವಳ ಕಣ್ಣನ್ನೇ ನೋಡಿ ಕೇಳಿದಳು.

"ಗಂಡ ಏಳಿದ್ದಕ್ಕೆ ಒಂದಕ್ಕೇನಾ, ಗಂಗಿ?"

ಗಂಗರತ್ನಮ್ಮ ಬಾವಿಯ ಕಟ್ಟೆ ಹಿಡಿದುಕೊಂಡಳು. ಆಮೇಲೆ ಬಂದ ಮಾತು ಬಹಳ ದಿನದಿಂದ ಒಳಗೆ ಕಾದು ಕೂತಿದ್ದ ಮಾತು.

"ನಂಗೂ ಬತ್ತದೆ ಕಣಕ್ಕ ಆ ಕಥೆ. ಒಂದಕ್ಷರ ಬಿಡ್ದಂಗೆ ಬತ್ತದೆ. ಒಂದಿನ, ಒಂದೇ ಒಂದಿನ, ಗಂಗಿ ನೀನೇಳು, ನಾನು ಹೂಂ ಅಂತೀನಿ ಅಂದ್ಯಾ? ನಿನ್ನ ಕಾಲತ್ರ ಕುಂತು ಕುಂತು ನಾನೂ ಮುದುಕಿ ಆಗ್ತಿದೀನಿ."

ಮುನಿಕೆಂಪಮ್ಮ ಹಗ್ಗ ಸುತ್ತಿ ಕಟ್ಟೆಯ ಮೇಲಿಟ್ಟಳು. ಕೇಳಿದ್ದರೆ ಕೊಡುತ್ತಿದ್ದಳೇ? ಕೊಡುತ್ತಿದ್ದಳೋ ಏನೋ. ಬೀಸುಕಲ್ಲಿನ ಮುಂದೆ ಕೂತು ಹೂಂ ಅಂದೇ ತಾನೂ ಕಲಿತದ್ದು ಎಂಬುದು ಅಷ್ಟು ವರ್ಷ ನೆನಪಿಗೇ ಬಂದಿರಲಿಲ್ಲ. ಆದರೆ ಕೇಳದೆ, ತಲೆ ಬಾಚಿ ಹೂ ಮುಡಿಸಿ, ಒಂದೇ ತಟ್ಟೆಯಲ್ಲಿ ಉಂಡು, ಊರೆಲ್ಲ ನೋಡುವಾಗ ಕುತ್ತಿಗೆಗೆ ಕೈ ಹಾಕಿದ್ದನ್ನು ಈ ಮಾತು ತೊಳೆಯುತ್ತದೆಯೇ? ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಗೆ ಹೋದಳು.

ಆ ವರ್ಷ ಊರಿಗೆ ಒಳ್ಳೆಯದಾಗಲಿಲ್ಲ. ಮಕ್ಕಳಿಗೆ ಜ್ವರ ಬಂತು, ಎರಡು ಮನೆಗಳಲ್ಲಿ ಹಸು ದಿನ ತುಂಬುವ ಮೊದಲೇ ಕಂದು ಹಾಕಿತು. ಪ್ರತಿ ವರ್ಷವೂ ಹೀಗೆ ಏನಾದರೊಂದು ಆಗಿಯೇ ಇರುತ್ತದೆ. ಆದರೆ ಈ ಸಲ ಹೆಂಗಸರು ಬೊಟ್ಟು ಮಾಡಿ ತೋರಿಸಲು ಒಂದು ಕಾರಣ ಇತ್ತು. ಕೇಳಿದ ಮಾತಿಗೆ ಉತ್ತರ ಸಿಕ್ಕದೆ ತಣಿಯವ್ವ ಇನ್ನೂ ನಿಂತೇ ಇದ್ದಾಳೆ ಎಂದರು. ಸಂಜೆಯಾದರೆ ಮಕ್ಕಳನ್ನು ಹೊರಗೆ ಬಿಡದಾದರು. ಮುಂದಿನ ಬೇಸಿಗೆ ಹತ್ತಿರ ಬಂದಾಗ ಕಥೆ ಹೇಳಿಸಲೇಬೇಕು ಎಂದು ಎಲ್ಲ ಸೇರಿ ತೀರ್ಮಾನ ಮಾಡಿದರು. ಕಥೆ ಪೂರ್ತಿ ಬರುವವಳು ಇನ್ನೊಬ್ಬಳೇ, ಗಂಗರತ್ನಮ್ಮ. ಅವಳೂ ಹೇಳುತ್ತೇನೆ ಎಂದಳು. ತೊಡಕು ಒಂದೇ. ಕಥೆ ಒಂದು ಬಾಯಿಂದ ಇನ್ನೊಂದು ಬಾಯಿಗೆ ದಾಟಬೇಕಾದರೆ ಬಿಟ್ಟವಳು ನೆರಳಿನ ಮಣೆಯ ಮೇಲೆ ಕೂತು ಹೂಂ ಅನ್ನಬೇಕು. ಮುನಿಕೆಂಪಮ್ಮನ ಅತ್ತೆಯೂ ಕಥೆ ಬಿಟ್ಟ ಆ ಮೊದಲ ವರ್ಷ ಗಂಗರತ್ನಮ್ಮನ ಜೊತೆ ಮಣೆಯ ತುದಿಯಲ್ಲಿ ಕೂತು ಬೊಚ್ಚುಬಾಯಲ್ಲಿ ಹೂಂ ಅಂದಿದ್ದಳು.

ಚಿಕ್ಕಮಾರಯ್ಯನನ್ನು ಮುಂದಿಟ್ಟುಕೊಂಡು ಹೆಂಗಸರು ಬಂದು ಕೇಳಿದರು. ಮುನಿಕೆಂಪಮ್ಮ ಅವರ ಸೊಂಟದ ಮೇಲೆ ಕೂತ ಕೂಸುಗಳನ್ನು ನೋಡಿದಳು. ಬರುತ್ತೇನೆ ಎಂದಳು. ಲಕ್ಕಣ್ಣ ಎದ್ದು ಹಿತ್ತಲಿಗೆ ಹೋದ.

ಆ ದಿನ ಗಂಗರತ್ನಮ್ಮನ ಅಂಗಳದಲ್ಲಿ ಹಿಂದೆಂದೂ ಇಲ್ಲದಷ್ಟು ಜನ. ಸುಮ್ಮನಿದ್ದವಳಿಗೆ ಇವಳೂ ಸುಮ್ಮನಿದ್ದು ತೋರಿಸುತ್ತಾಳೆ ಎಂದೇ ಎಲ್ಲರ ಲೆಕ್ಕ. ನರಸಿಂಹಯ್ಯ ಗೋಡೆಯಾಚೆ ನಿಂತ ಕಡೆ ನಿಲ್ಲುತ್ತಿರಲಿಲ್ಲ. ಮುನಿಕೆಂಪಮ್ಮ ಬಂದು ತಗ್ಗಿನ ಮಣೆಯ ಮೇಲೆ ಕೂತಳು. ಅಲ್ಲಿಂದ ನೋಡಿದರೆ ಹೇಳುವವಳ ಮುಖ ಪೂರ್ತಿ ಕಾಣುವುದಿಲ್ಲ, ಗಲ್ಲ ಮತ್ತು ಮೂಗಿನ ನತ್ತು ಮಾತ್ರ ಕಾಣುತ್ತದೆ. ಅದು ಅವಳಿಗೆ ಆವರೆಗೆ ಗೊತ್ತಿರಲಿಲ್ಲ.

ಗಂಗರತ್ನಮ್ಮ ಚೆನ್ನಾಗಿ ಹೇಳಿದಳು. ಬೇಕೆಂದರೂ ಹುಳುಕು ಹುಡುಕುವಂತಿರಲಿಲ್ಲ. ತಂಪು ಬೆಳಕಿನ ಜಾಗದಲ್ಲಿ ಅವಳ ದನಿ ಕೇಳುತ್ತ ಒಬ್ಬ ಮುದುಕಿ ಕಣ್ಣೊರೆಸಿಕೊಂಡಳು. ಮುನಿಕೆಂಪಮ್ಮ ಎಲ್ಲಿ ಬೇಕೋ ಅಲ್ಲಿ ಹೂಂ ಎಂದಳು, ತಪ್ಪದೆ, ಸಾದಾ ದನಿಯಲ್ಲಿ. ತಣಿಯವ್ವ ಬೆಳಕು ಕೊಟ್ಟು ಭೂಮಿಗೆ ಇಳಿದಳು. ಹೂಂ. ಹೆತ್ತಳು. ಹೂಂ. ಕೂಸನ್ನು ಎತ್ತಿಕೊಂಡು ಬಂದು ಬೆಳಕು ಕೇಳಿದಳು, ಅಣ್ಣ ಇಲ್ಲವೆಂದ, ಗೆಳತಿಯ ಕಡೆ ತಿರುಗಿದರೆ ಆ ಬಡವಿ ನೆರಳವ್ವನಿಗೆ ಅಂಜಿಕೆಗೆ ಬಾಯಿ ಕಟ್ಟಿಹೋಗಿತ್ತು.

ಮುನಿಕೆಂಪಮ್ಮ ಹೂಂ ಅನ್ನಲಿಲ್ಲ.

ನರಸಿಂಹಯ್ಯ ಗೋಡೆಗೆ ಬಂದು ಅಂಟಿಕೊಂಡ. ಗಂಗರತ್ನಮ್ಮ ಕೆಳಗೆ ನೋಡಿದಳು.

"ಅದಲ್ಲ" ಎಂದಳು ಮುನಿಕೆಂಪಮ್ಮ. ದನಿ ಎತ್ತರಿಸಲಿಲ್ಲ. "ಉರಿಯಣ್ಣ ಅವಳ್ನ ಕರ್ದು ಏನಂದ? ಅದ ಬಿಟ್ಟೆ. ಅಲ್ಲಿಂದ ಕಥೆ ಏಳು."

ಗಂಗರತ್ನಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಬಾಗಿಲ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಆಮೇಲೆ ಹೇಳಿದಳು. ಇನ್ನು ಎಷ್ಟು ಕಾಲ ಇನ್ನೊಬ್ಬಳ ಕಾಲಡಿಯಲ್ಲಿ ಬದುಕುತ್ತೀಯೆ ಎಂದು ಅವನು ಕೇಳಿದ್ದನ್ನು ಹೇಳಿದಳು. ಸುಳ್ಳು ಬೇಕಿಲ್ಲ, ಸುಮ್ಮನಿರು ಸಾಕು ಎಂದದ್ದನ್ನು ಹೇಳಿದಳು. ಲೋಕದಷ್ಟು ಅಗಲ ಮಾಡುತ್ತೇನೆ ಎಂಬಲ್ಲಿಗೆ ದನಿ ಒಡೆಯಿತು, ಆದರೂ ನಿಲ್ಲಿಸದೆ ಹೇಳಿ ಮುಗಿಸಿದಳು. ಪ್ರತಿ ಮಾತಿಗೂ ಮುನಿಕೆಂಪಮ್ಮ ಹೂಂ ಅನ್ನುತ್ತ ಹೋದಳು. ಕತ್ತಲೆ ಬಂತು, ಕೆರೆ ಬಂತು, ಚಂದ್ರ ಬಂದ. ಗಂಗರತ್ನಮ್ಮ ಎದ್ದು ನಿಂತು, ಕೇಳಲೇಬೇಕಾದದ್ದನ್ನು ಕೇಳಿದಳು.

"ನಾನು ಕೊಟ್ಟದ್ದನ್ನ ನೀನು ಕಂಡೆಯಾ?"

"ಹೂಂ" ಎಂದಳು ಮುನಿಕೆಂಪಮ್ಮ. "ಕಂಡೆ."

ಬಾಗಿಲಾಚೆಯವರಿಗೂ ಕೇಳಿಸಿತು. ಹೆಂಗಸರು ಸೋಬಾನೆ ಎತ್ತಿದರು, ಚಿಕ್ಕಮಾರಯ್ಯ ಕೆರೆಯ ಏರಿಯ ಕಡೆ ಹೆಜ್ಜೆ ಹಾಕಿದ. ಕಥೆ, ಮಣೆ, ಮೊದಲ ನೀರು ಎಲ್ಲವೂ ಆ ಮನೆಗೆ ದಾಟಿದವು. ದಾಟಿಸಿದವಳು ಮಂಡಿ ಹಿಡಿದುಕೊಂಡು ಎದ್ದು, ಸೀರೆ ಕೊಡವಿಕೊಂಡು ಹೊರಗೆ ಬಂದಳು.

ಗಂಗರತ್ನಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬೀದಿಯವರೆಗೂ ಓಡಿಬಂದಳು. ಅಕ್ಕಾ ನಿಂತ್ಕೊ ಎಂದಳು. ನೀನು ದೊಡ್ಡವಳು ಎಂದಳು. ಹುಡುಗ ನಿನ್ನನ್ನು ಕೇಳುತ್ತಿರುತ್ತಾನೆ, ನಾಳೆ ಕಳಿಸಲಾ ಎಂದಳು. ಮುನಿಕೆಂಪಮ್ಮ ನಿಂತಳು, ಕುಂಕುಮ ಇಟ್ಟುಕೊಂಡಳು, ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದಳು. ಯಾವ ಮಾತಿಗೂ ಹೂಂ ಅನ್ನಲಿಲ್ಲ. ಗಂಗರತ್ನಮ್ಮ ಅವಳ ಬಾಯನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು. ಇವಳು ತಿರುಗಿ ಮನೆಯ ಕಡೆ ನಡೆದಳು.

ಅದಾದ ಮೇಲೆ ಅವರು ಬಹಳ ವರ್ಷ ಅಕ್ಕಪಕ್ಕದ ಮನೆಯಲ್ಲೇ ಇದ್ದರು. ಕಾಲುವೆಯ ದಂಡೆಯಲ್ಲಿ, ಬಾವಿಯಲ್ಲಿ, ಬಾಣಂತಿ ಮನೆಯಲ್ಲಿ ಎದುರಾಗುತ್ತಿದ್ದರು. ಗಂಗರತ್ನಮ್ಮ ಪ್ರತಿ ಸಲವೂ ಏನಾದರೊಂದು ಮಾತು ತೆಗೆಯುವಳು, ಮಳೆಯದೋ, ಸೊಸೆಯದೋ, ಕಾಲುನೋವಿನದೋ. ಮುನಿಕೆಂಪಮ್ಮ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುವಳು, ಹೂಂ ಅನ್ನಳು. ಮಾತು ಅರ್ಧಕ್ಕೆ ಬರುತ್ತಿದ್ದಂತೆ ಗಂಗರತ್ನಮ್ಮನೇ ತಡವರಿಸಿ, ಮುಂದೇನೆಂದು ಮರೆತು, ಸುಮ್ಮನಾಗಿಬಿಡುವಳು.